ದೊಡ್ಡಪ್ಪಯ್ಯನ ಕಿವಿಗೆ ಬಿದ್ದ ಹೊಟ್ಟೆಗಳು

ನಮ್ಮ ದೊಡ್ಡಪ್ಪಯ್ಯನಿಗೆ ಮುಖ ತೋರಿಸಿ ಪ್ರಯೋಜನವಿಲ್ಲ. ಹೊಟ್ಟೆ ತೋರಿಸಿದರೆ ಮಾತ್ರ ಗುರುತು ಹಿಡಿದಾರು! ಸಾಲಿಗ್ರಾಮದ ಕಡೆಯ ಅರ್ಚಕರ ಮನೆ ನಮ್ಮದು. ಅವರು ಪೂಜೆ ಮುಗಿಸಿ ಮದ್ದು ಹೇಳಲು ಜಗಲಿಗೆ ಬಂದರೆಂದರೆ ಊರಿನ ಹೊಟ್ಟೆಗಳೆಲ್ಲ ಸಾಲಾಗಿ ಮಲಗಬೇಕು.

ಮೊದಲು ಹಲಸಿನಹಣ್ಣಿನ ಹಾಗೆ ಬಡಿದು ನೋಡುವರು. ಆಮೇಲೆ ರೆಪ್ಪೆ ಎಳೆದು ಕಣ್ಣಿನ ಬಿಳಿ ಪರೀಕ್ಷೆ. ಕೊನೆಗೆ ಹೊಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚುವರು. ಮಧ್ಯಾಹ್ನದ ಗಾಳಿ, ದೂರದ ಕಡಲಿನ ಮೊರೆತ, ಕಿವಿಯಡಿ ಗುಳುಗುಳು... ಅಲ್ಲೇ ನಿದ್ದೆ! ರೋಗಿ ಅಲುಗಾಡುವಂತಿಲ್ಲ. ಕಿರಿಮಂಜೇಶ್ವರದ ನೆಂಟರೊಬ್ಬರು ಹೀಗೆ ಮಲಗಿಯೇ ಬಸ್ಸು ತಪ್ಪಿಸಿಕೊಂಡರು.

"ಹ್ವಾಯ್, ಏಳ್ಸುದಾ?" ಎಂದು ಪಿಸುಗುಟ್ಟಿದ ಅವರಿಗೆ ಅಜ್ಜಿ, "ಸುಮ್ನಿರಿ ಮಾರಾಯ್ರೆ, ಮಗ ರೋಗ ಹುಡ್ಕ್ತಾ ಇದ್ದ" ಎಂದಳು.

ದೊಡ್ಡಪ್ಪಯ್ಯ ಎದ್ದವರೇ, "ವಾಯು. ಗೆಣಸು ಬಿಡಿ" ಎಂದರು.

ಗೆಣಸು ತಿಂದದ್ದು ಹೇಗೆ ಗೊತ್ತಾಯಿತು?

"ಕನ್ಸಲ್ ಕಂಡೆ!"

ಇಂಥವರು ನೋಡದೆ ಬಿಟ್ಟ ಹೊಟ್ಟೆ ಒಂದೇ, ದೊಡ್ಡಮ್ಮನದು. ಹಿರಿಯರೆದುರು ಹೆಂಡತಿಯ ಮುಖ ನೋಡುವುದುಂಟೇ? ಅವಳೋ ದಿನವೂ ಅರಿಶಿನ ಹಚ್ಚಿ ಮೀಯುವವಳು. ಹಳದಿಯಾದರೆ ಯಾರಿಗೆ ಅನುಮಾನ? ಊಟ ಸೇರುತ್ತಿರಲಿಲ್ಲ. ಒಗ್ಗರಣೆಯ ವಾಸನೆಗೇ ಹಿತ್ತಿಲಿಗೆ ಓಡುತ್ತಿದ್ದಳು. ಅಜ್ಜಿಯಂತೂ ಖುಷಿಯಲ್ಲಿ ಅಟ್ಟದ ತೊಟ್ಟಿಲು ಇಳಿಸಿ ತೊಳೆಸಿಟ್ಟಿದ್ದಳು!

ಒಂದು ಬೆಳಿಗ್ಗೆ ದೊಡ್ಡಮ್ಮ ಜಗಲಿಯಲ್ಲೇ ಕುಸಿದು ಕೂತಳು. ದೊಡ್ಡಪ್ಪಯ್ಯ ಅಜ್ಜಿಯ ಎದುರೇ ಅವಳ ರೆಪ್ಪೆ ಎಳೆದರು. ಮುಖಕ್ಕೆ ಹಚ್ಚಿದ ಅರಿಶಿನ ಕಣ್ಣಿನ ಬಿಳಿಗೆ ಹತ್ತುತ್ತದೆಯೇ? "ಕಾಮಾಲೆ" ಎಂದರು. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಕುಂದಾಪುರಕ್ಕೆ ಕರೆದೊಯ್ದರೆ ಡಾಕ್ಟರೂ ಅದನ್ನೇ ಅಂದರು: "ಲಿವರ್ ಬಾತಿದೆ. ಹಸಿವೆ ಹುಟ್ಟಿ ತಿನ್ನತೊಡಗಿದರೆ ಉಳಿದಾರು."

ಆಮೇಲೆ ಜಗಲಿ ಖಾಲಿ. ಊರಿನ ಹೊಟ್ಟೆಗಳು ಬಂದ ದಾರಿಯಲ್ಲೇ ವಾಪಸ್ಸು! ದೊಡ್ಡಪ್ಪಯ್ಯ ಗಂಜಿ ಕುಡಿಸಲು ಹೆಣಗಿ, ಸೋತು, ದೊಡ್ಡಮ್ಮನ ಹೊಟ್ಟೆಗೆ ಕಿವಿಯಿಟ್ಟು ಕೂರುವರು. ಅಜ್ಜಿ ಬಂದರೂ ಏಳರು. ಆ ಹೊಟ್ಟೆಯ ಮೇಲೆ ಮಾತ್ರ ಅವರಿಗೆ ಒಂದು ದಿನವೂ ನಿದ್ದೆ ಹತ್ತಲಿಲ್ಲ.

ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ, ಕಡಲು ಮೊರೆಯುತ್ತಿದ್ದ ಹಾಗೆಯೇ, ಕಿವಿಯಡಿ ಗುರ್ ಎಂದಿತು. ದೊಡ್ಡಪ್ಪಯ್ಯ ಉಸಿರು ಹಿಡಿದರು.

"ಎಂತ ಹೇಳತ್ ಹೊಟ್ಟೆ?" ಎಂದಳು ದೊಡ್ಡಮ್ಮ.

"ಹಸಿವೆ ಅಂಬ್ರ್ ಮಾರಾಯ್ತಿ, ಹಸಿವೆ! ಅಮ್ಮಾ, ಗಂಜಿ!" ಎಂದು ಕೂಗಿದವರು ಅಲ್ಲೇ ಮುಖವಿಟ್ಟು ಅತ್ತುಬಿಟ್ಟರು.

ಗಂಜಿ ತಂದ ಅಜ್ಜಿ ಒಳಗೆ ಬರಲಿಲ್ಲ. ಮುಖ ಆಚೆ ತಿರುಗಿಸಿ, ಮಗ ಅತ್ತು ಮುಗಿಸುವವರೆಗೆ ಬಾಗಿಲಲ್ಲೇ ನಿಂತಳು.