ಹರಿದು ನೋಡುವ ಅತ್ತೆ

ನಮ್ಮ ಅತ್ತೆಯ ಕೈಗೆ ಲಗ್ನಪತ್ರಿಕೆ ಕೊಟ್ಟವರು ಯಾರೂ ಅದನ್ನು ಮತ್ತೆ ಇಡಿಯಾಗಿ ನೋಡಿದವರಲ್ಲ! ಕುಂಕುಮ ಹಚ್ಚಿ, ಅಕ್ಷತೆ ಇಟ್ಟು, ಭಕ್ತಿಯಿಂದ ಕೊಟ್ಟ ಪತ್ರಿಕೆಯನ್ನು ಅತ್ತೆ ಅಷ್ಟೇ ಭಕ್ತಿಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಬೆಳಕಿಗೆ ಹಿಡಿದು ನೋಡುತ್ತಾಳೆ. ಆಮೇಲೆ, ಕೊಟ್ಟವರು ಇನ್ನೂ ಎದುರಿಗೇ ಕೂತು ಚಹಾ ಕುಡಿಯುತ್ತಿರುವಾಗಲೇ, ಅದರ ಮೂಲೆಯನ್ನು ಕಿವಿಯ ಹತ್ತಿರ ಒಯ್ದು ಪರ್ರನೆ ಹರಿದುಬಿಡುತ್ತಾಳೆ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ.

"ನಾರು ಗಿಡ್ಡ ಐತ್ರಿ. ಬಾಳಿಕಿ ಬರೂದಿಲ್ಲ."

ಮದುವೆ ಮನೆಯವರಿಗೆ ಆಡುವ ಮಾತೇ ಇದು? ಬಂದವರ ಚಹಾ ಗಂಟಲಲ್ಲೇ ನಿಲ್ಲುತ್ತದೆ. ಒಳಗಿನಿಂದ ನಮ್ಮ ಮಾಮಾ, ಅಂದರೆ ಅತ್ತೆಯ ಗಂಡ, ಓಡಿ ಬರುತ್ತಾನೆ. "ಕಾಗದದ ಮಾತ್ರಿ ಅದು, ಜೋಡಿದಲ್ಲ! ಜೋಡಿ ಭಾಳ ಛಲೋ ಐತಿ!" ಎಷ್ಟೋ ಸಂಬಂಧಗಳು ಮಾಮಾನ ಈ ಓಟದಿಂದ ಉಳಿದಿವೆ.

ಅತ್ತೆಯದೂ ತಪ್ಪಿಲ್ಲ ಬಿಡಿ. ದಾಂಡೇಲಿಯ ಪೇಪರ್ ಮಿಲ್ಲಿನ ಪ್ರಯೋಗಾಲಯದಲ್ಲಿ ಇಡೀ ಆಯುಷ್ಯ ಕಳೆದವಳು ಅವಳು. ಕಾಗದವನ್ನು ಹರಿಯುವುದು, ಮಡಚುವುದು, ನೆನೆಸುವುದು ಇವೇ ಅವಳ ನೌಕರಿ. ಅದಕ್ಕೆಲ್ಲ ಯಂತ್ರಗಳಿದ್ದವು. ಆದರೆ ಯಂತ್ರಕ್ಕೆ ಕೊಡುವ ಮುಂಚೆ ತಾನು ಒಮ್ಮೆ ಕೈಯಿಂದ ಹರಿದು, ಆ ಸದ್ದು ಕೇಳಿ, ಯಂತ್ರ ಏನು ಹೇಳುತ್ತದೆಂದು ಮೊದಲೇ ಹೇಳಿಬಿಡುವುದು ಅವಳ ಚಾಳಿ. ಬಿದಿರು ಎಷ್ಟು, ನೀಲಗಿರಿ ಎಷ್ಟು, ರದ್ದಿ ಎಷ್ಟು ಎಂಬುದೆಲ್ಲ ಅವಳ ಕಿವಿಗೆ ಗೊತ್ತಾಗುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಯಂತ್ರಗಳು ಮಿಲ್ಲಿನಲ್ಲೇ ಉಳಿದವು, ಕಿವಿ ಮನೆಗೆ ಬಂತು. ಅಂಗಡಿಯ ಚೀಟಿ, ದೇವರ ಪ್ರಸಾದದ ಪೊಟ್ಟಣ, ನಾನು ತಿದ್ದಲು ತಂದ ಉತ್ತರಪತ್ರಿಕೆ ಯಾವುದನ್ನೂ ಅವಳು ಬಿಟ್ಟಿಲ್ಲ. ಮೂಲೆ ಇಲ್ಲದ ಉತ್ತರಪತ್ರಿಕೆಗಳನ್ನು ಕಂಡು ನನ್ನ ಮಕ್ಕಳು, ಅಂದರೆ ಹಳಿಯಾಳದಲ್ಲಿ ನಾನು ಇಂಗ್ಲಿಷ್ ಕಲಿಸುವ ಶಾಲೆಯ ಮಕ್ಕಳು, ನಮ್ಮ ಮನೆಯಲ್ಲಿ ಇಲಿಗಳ ಕಾಟ ಇದೆಯೆಂದು ನಂಬಿದ್ದಾರೆ.

ಒಂದು ಶಾಸ್ತ್ರಕ್ಕೆ ತೊಂದರೆ ಕೊಟ್ಟರೆ ಸಾಲದೆಂದು ಅತ್ತೆ ಜೀವಶಾಸ್ತ್ರಕ್ಕೂ ಕೈಹಾಕಿದಳು. ಯಾವುದೋ ಸಂಶೋಧನಾ ಲೇಖನ ಓದಿ, ಬೂಷ್ಟು ಯಾವ ಹಿಟ್ಟಿನ ಮೇಲೆ ಬೇಗ ಬರುತ್ತದೆಂದು ನೋಡಲು ಜೋಳದ ರೊಟ್ಟಿ, ಗೋಧಿ ಚಪಾತಿ, ಅಕ್ಕಿ ರೊಟ್ಟಿಗಳ ಚೂರುಗಳನ್ನು ಸ್ಟೀಲಿನ ಡಬ್ಬಿಗಳಲ್ಲಿ ಹಾಕಿ ಕಪಾಟಿನ ಮೂಲೆಯಲ್ಲಿಟ್ಟಿದ್ದಳು. ಒಂದು ಮಧ್ಯಾಹ್ನ ಮಾಮಾ ಹಸಿದು ಬಂದು ಡಬ್ಬಿ ತೆಗೆದ. ಹಸಿರು ಬಣ್ಣ ನೋಡಿ ಹಸಿಮೆಣಸಿನಕಾಯಿ ಚಟ್ನಿ ಸವರಿದ್ದಾಳೆ ಎಂದುಕೊಂಡು ತಿಂದೇಬಿಟ್ಟ. ಅತ್ತೆ ಗಾಬರಿಯಾದದ್ದು ನಿಜ. ಆದರೆ ಅವಳು ಕೇಳಿದ ಮೊದಲ ಪ್ರಶ್ನೆ, "ಜೋಳದ್ದೋ, ಗೋಧೀದೋ?"

"ಯಾವುದೋ ಒಂದು. ಖಾರ ಕಡಿಮಿ ಇತ್ತು," ಎಂದ ಮಾಮಾ.

ಇಂಥವಳ ಕೈಗೆ ಅನುವಾದವೂ ಸಿಕ್ಕಿದರೆ ಏನಾಗಬೇಡ! ದೊಡ್ಡ ಊರಿನಿಂದ ಎಳೆ ವಯಸ್ಸಿನ ಒಬ್ಬ ಡಾಕ್ಟರಮ್ಮ ಬಂದಿದ್ದರು. ನಮ್ಮ ಭಾಗದ ಹಳ್ಳಿಗಳಲ್ಲಿ ಕೀಲುನೋವು, ಸೊಂಟನೋವಿನ ಬಗ್ಗೆ ಅಧ್ಯಯನ ಮಾಡಬೇಕೆಂದು ಇಂಗ್ಲಿಷಿನ ಒಂದು ಪ್ರಶ್ನಾವಳಿ ತಂದಿದ್ದರು. ಅದನ್ನು ಕನ್ನಡಕ್ಕೆ ತರಬಲ್ಲವರು ಯಾರು ಎಂದು ವಿಚಾರಿಸಿದಾಗ ಊರೆಲ್ಲ ನಮ್ಮ ಅತ್ತೆಯ ಮನೆ ತೋರಿಸಿತು. ಆ ಕೆಲಸದ ಪದ್ಧತಿ ಹೀಗೆ: ಒಬ್ಬರು ಕನ್ನಡಕ್ಕೆ ತರಬೇಕು. ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ಮರಳಿ ಇಂಗ್ಲಿಷಿಗೆ ಒಯ್ಯಬೇಕು. ಆಮೇಲೆ ಎರಡೂ ಇಂಗ್ಲಿಷುಗಳನ್ನು ಎದುರುಬದುರು ಕೂರಿಸಿ, ಅರ್ಥ ಎಲ್ಲಿ ದಾರಿ ತಪ್ಪಿತೆಂದು ಹುಡುಕಬೇಕು. ಮರಳಿ ಒಯ್ಯುವ ಕೂಲಿ ನಾನಾದೆ.

ಅತ್ತೆಗೆ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ ಮನೆಯಲ್ಲೂ ಅದೇ ಶುರುವಾಯಿತು. ಮಾಮಾ ಊಟಕ್ಕೆ ಕೂತು "ಇವತ್ತ ಉಪ್ಪು ಸ್ವಲ್ಪ ಕಡಿಮಿ ಆಗೇತಿ" ಎಂದರೆ ಆ ಮಾತನ್ನು ಪಕ್ಕದ ಮನೆಯ ಕೊಂಕಣಿ ಅಮ್ಮನಿಗೆ ಮುಟ್ಟಿಸಬೇಕು, ಅವರು ಕೊಂಕಣಿಗೆ ತಿರುಗಿಸಬೇಕು, ಮತ್ತೆ ಅದು ಕನ್ನಡವಾಗಿ ಮನೆಗೆ ಬರಬೇಕು! ಅದು ಬಂದದ್ದು ಹೀಗೆ: "ನಿಮ್ಮ ಮನಿಯವರಿಗೆ ನಿಮ್ಮ ಅಡಗಿ ಸೇರಂಗಿಲ್ಲಂತ."

"ನೋಡು, ಮೂಲದಾಗ ಮುಚ್ಚಿಟ್ಟಿದ್ದ ಅರ್ಥ ಹೆಂಗ ಹೊರಗ ಬಂತು!" ಎಂದು ಅತ್ತೆ ಹಿಗ್ಗಿದಳು. ಮಾಮಾ ಆವತ್ತಿನಿಂದ ಊಟಕ್ಕೆ ಕೂತಾಗ ತಲೆಯನ್ನಷ್ಟೇ ಆಡಿಸುತ್ತಾನೆ.

ಪ್ರಶ್ನಾವಳಿಯಲ್ಲಿ ಒಂದು ಕಡೆ, ಗಾಲ್ಫ್ ಆಡುವಾಗ ತೊಂದರೆಯಾಗುತ್ತದೆಯೇ ಎಂದಿತ್ತಂತೆ. ನಾನು ಮರಳಿ ಒಯ್ದ ಇಂಗ್ಲಿಷಿನಲ್ಲಿ ಭತ್ತದ ಸಸಿ ನೆಡುವಾಗ ತೊಂದರೆಯಾಗುತ್ತದೆಯೇ ಎಂದಾಗಿತ್ತು. ಡಾಕ್ಟರಮ್ಮ ಗಾಬರಿಯಿಂದ ಫೋನು ಮಾಡಿದರು. "ಮೇಡಂ, ಗಾಲ್ಫ್ ಎಲ್ಲಿ ಹೋಯ್ತು?"

"ಗದ್ದಿಗೆ ಇಳದೈತ್ರಿ," ಎಂದಳು ಅತ್ತೆ.

ಕನ್ನಡದ ಕರಡು ಹಿಡಿದು ಅತ್ತೆಯೂ ನಾನೂ ರಜೆಯ ದಿನ ಹಳ್ಳಿ ಸುತ್ತಿ ಜನರನ್ನು ಕೇಳಿ ನೋಡುತ್ತಿದ್ದೆವು. ಮಹಡಿಯ ಮೆಟ್ಟಿಲು ಹತ್ತಬಲ್ಲಿರಾ ಎಂದು ಇನ್ನೊಂದು ಪ್ರಶ್ನೆ. ಜೋಯಿಡಾದ ಒಬ್ಬ ಅಜ್ಜನಿಗೆ ಅದನ್ನು ಕೇಳಿದರೆ, "ಮಾಳಿಗಿ ಕಟ್ಟಿಸಿಕೊಡ್ರಿ, ಹತ್ತಿ ತೋರಸ್ತೇನಿ," ಎಂದ. ಇವೆಲ್ಲ ಹೇಗೋ ಬಗೆಹರಿದವು. ಬಗೆಹರಿಯದೆ ಉಳಿದದ್ದು, ಹಾಳೆಯ ತುದಿಯಲ್ಲಿದ್ದ ಬಹಳ ಸರಳವಾದ ಒಂದು ಪ್ರಶ್ನೆ: ನಿಮ್ಮ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?

ಮಿಲ್ಲಿನಿಂದ ನಿವೃತ್ತರಾದ ಒಬ್ಬರು "ಮೂವತ್ತೈದು ಹಾಕ್ರಿ, ಪಾಸ್ ಆದ್ರ ಸಾಕು" ಎಂದರು. ಆದರೆ ಹೆಂಗಸರೆಲ್ಲ ಹೇಳಿದ್ದು ಒಂದೇ. "ಎರಡು." ಯಾವ ಹಳ್ಳಿಗೆ ಹೋದರೂ ಎರಡು. ನಡೆಯಲಾರದವಳಿಗೂ ಎರಡು, ಎದ್ದು ಕೂರಲಾರದವಳಿಗೂ ಎರಡು.

ನಾನು ನಕ್ಕೆ. ಅತ್ತೆ ನಗಲಿಲ್ಲ. "ನಮ್ಮವ್ವನೂ ಎರಡು ಅಂದಿದ್ಲು," ಎಂದಳು.

ಅವಳ ಅವ್ವ ಅಂದರೆ ನನ್ನ ಅಜ್ಜಿ. ಊಟಕ್ಕೆ ಕೂತರೆ ಇನ್ನೊಂದು ಸೌಟು ಹಾಕುವ ಮೊದಲೇ ಎಲೆಗೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎನ್ನುತ್ತಿದ್ದಳು. ಹೊಟ್ಟೆ ತುಂಬಿರಲಿ ಬಿಡಲಿ, ಮೊದಲು ಸಾಕು ಎನ್ನಬೇಕು. ಬಡಿಸುವವರು ಒತ್ತಾಯ ಮಾಡಬೇಕು. ಅದು ನಮ್ಮ ಕಡೆಯ ಮರ್ಯಾದೆ. ಡಾಕ್ಟರು ಹತ್ತರಲ್ಲಿ ಎಷ್ಟು ಎಂದು ಕೇಳಿದಾಗಲೂ ಅಜ್ಜಿ ಹಾಗೆಯೇ ಕೈ ಅಡ್ಡ ಹಿಡಿದಳು. ಡಾಕ್ಟರು ಒತ್ತಾಯ ಮಾಡಲಿಲ್ಲ. ಅವರಿಗೇನು ಗೊತ್ತು ಪಾಪ? ಎರಡೇ ಅಲ್ಲವೇ ಎಂದು ಮುಲಾಮು ಕೊಟ್ಟು ಕಳಿಸಿದರು. ಒಳಗಿನ ರೋಗ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

"ಊಟದಾಗ ಹೆಂಗ ಸಾಕು ಅಂತಿದ್ಲೋ, ನೋವಿನಾಗೂ ಹಂಗ ಅಂದ್ಲು," ಎಂದಳು ಅತ್ತೆ. ಇಷ್ಟೆಲ್ಲ ಶಾಸ್ತ್ರಗಳ ಬೆನ್ನು ಹತ್ತಿದವಳಿಗೆ ಯಾವ ಪ್ರಶ್ನೆಗೆ ಉತ್ತರ ಬೇಕಾಗಿತ್ತೆಂದು ನನಗೆ ತಿಳಿದದ್ದು ಆವತ್ತು.

ಆಮೇಲೊಂದು ಭಾನುವಾರ ಮುಂಡಗೋಡದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಸಿದ್ದಿ ಸಮುದಾಯದ ಒಬ್ಬ ಅಜ್ಜಿ ಅಂಗಳದಲ್ಲಿ ಕೂತಿದ್ದಳು. ಅವಳದೂ ಎರಡೇ. ಅತ್ತೆ ಹಾಳೆ ಮಡಚಿಟ್ಟು ಅತ್ತಿತ್ತ ನೋಡಿದಳು. ಹಗ್ಗದ ಮೇಲೆ ಅರ್ಧ ಹೊಲಿದ ಕೌದಿ ತೂಗುತ್ತಿತ್ತು. ಹಳೆ ಸೀರೆಯ ಕೆಂಪು, ಹಳದಿ ತುಂಡುಗಳು. ಕೊನೆಯ ಹೊಲಿಗೆಯ ಹತ್ತಿರ ಚುಚ್ಚಿಟ್ಟ ಸೂಜಿಗೆ ತುಕ್ಕು ಹಿಡಿದಿತ್ತು.

"ಕೌದಿ ಯಾಕ ಅರ್ಧಕ್ಕ ಬಿಟ್ಟೀರಿ?" ಎಂದು ಕೇಳಿದಳು ಅತ್ತೆ.

ಅಷ್ಟೇ! ಅಜ್ಜಿಯ ಬಾಯಿಂದ ಎಲ್ಲ ಬಂತು. ದೀಪಾವಳಿಗಿಂತ ಮುಂಚೆ ಬಿಟ್ಟದ್ದು. ಸೂಜಿ ಹಿಡಿದರೆ ಹೆಬ್ಬೆರಳಿಂದ ಹೆಗಲತನಕ ಉರಿ ಓಡುತ್ತದೆ. ಕೊಡ ಎತ್ತುವುದು ಬಿಟ್ಟಾಯಿತು. ಮೊಮ್ಮಗಳಿಗೆಂದು ಹಿಡಿದ ಈ ಕೌದಿ ಮುಗಿಸುವ ಆಸೆಯೊಂದು ಉಳಿದಿದೆ. ಅತ್ತೆ ಬರೆದುಕೊಳ್ಳುವುದನ್ನೂ ಮರೆತು ಕೇಳುತ್ತ ಕೂತಳು.

ಡಾಕ್ಟರಮ್ಮನ ಜೊತೆ ಇದಕ್ಕಾಗಿ ದೊಡ್ಡ ವಾದವೇ ಆಯಿತು. "ಅಂಕಿ ಇಲ್ಲದಿದ್ರೆ ಒಬ್ಬರನ್ನ ಇನ್ನೊಬ್ಬರ ಜೊತೆ ಹೋಲಿಸೋದು ಹೇಗೆ ಮೇಡಂ?" ಎಂಬ ಅವರ ಮಾತೂ ಸುಳ್ಳಲ್ಲ. "ಅಂಕಿ ಇರ್ಲಿ ತಾಯಿ, ನಾ ಬ್ಯಾಡ ಅನ್ನೂದಿಲ್ಲ. ಅದರ ಕೆಳಗ ನಂದೊಂದು ಸಾಲು ಇರ್ಲಿ," ಎಂದಳು ಅತ್ತೆ. ಮೂಲದಲ್ಲಿ ಇಲ್ಲದ ಸಾಲನ್ನು ಅನುವಾದದಲ್ಲಿ ಸೇರಿಸುವುದುಂಟೇ? ತಂಡದವರನ್ನೆಲ್ಲ ಕೇಳಿ ತಿಳಿಸುತ್ತೇನೆಂದು ಡಾಕ್ಟರಮ್ಮ ಹೋದರು.

ಕಾಯುವ ಆ ದಿನಗಳಲ್ಲಿ ನಮ್ಮ ಮಾಮಾನಿಗೂ ಒಂದು ಹುಚ್ಚು ಹತ್ತಿತು. ಆಯುಷ್ಯದಲ್ಲಿ ಒಲೆಯ ಮುಂದೆ ನಿಲ್ಲದ ಮನುಷ್ಯ ರೊಟ್ಟಿ ಬಡಿಯಲು ಕಲಿತ! ಮೊದಲ ರೊಟ್ಟಿ ಗೋವಾದ ನಕಾಶೆಯ ಹಾಗಿತ್ತು. ಆಮೇಲಿನವು ಮಹಾರಾಷ್ಟ್ರದ ಕಡೆಗೂ ಹರಡಿದವು. ನಾನು ಚೇಷ್ಟೆ ಮಾಡಿದರೆ, "ವಯಸ್ಸಾದಮ್ಯಾಲೆ ಒಂದು ವಿದ್ಯಾ ಇರಬೇಕಪಾ," ಎಂದು ಹಿಟ್ಟಿನ ಕೈ ಒರೆಸಿಕೊಂಡ. ಅತ್ತೆಯ ಗಾಳಿ ಮಾಮಾನಿಗೂ ಬಡಿಯಿತಲ್ಲ ಎಂದು ನಾನು ಹೊಟ್ಟೆತುಂಬ ನಕ್ಕೆ.

ಕಡೆಗೂ ಅಚ್ಚಾದ ಹಾಳೆಗಳ ಕಟ್ಟು ನನ್ನ ಶಾಲೆಯ ವಿಳಾಸಕ್ಕೆ ಬಂತು. ಬಿಚ್ಚಿ ನೋಡಿದರೆ ಅತ್ತೆಯ ಸಾಲು ಇತ್ತು! ಅಂಕಿಯ ಪ್ರಶ್ನೆಯ ಕೆಳಗೆ: ಈ ನೋವಿನಿಂದ ನೀವು ಯಾವ ಕೆಲಸ ಬಿಟ್ಟಿದ್ದೀರಿ? ಬೈಕು ಹತ್ತಿ ನೇರ ದಾಂಡೇಲಿಗೆ ಬಂದೆ. ಅತ್ತೆಯ ತೊಡೆಯ ಮೇಲೆ ಒಂದು ಹಾಳೆ ಇಟ್ಟೆ. ಅವಳು ಓದಿದಳು, ಮತ್ತೆ ಓದಿದಳು. ಅಂಗೈಯಿಂದ ಒಮ್ಮೆ ಸವರಿ ಕೈಯನ್ನು ಸೆರಗಿನ ಅಡಿ ಸೇರಿಸಿದಳು. ನಾನು ಪರ್ರ್ ಎಂಬ ಸದ್ದಿಗಾಗಿ ಕಾದೆ. ಸದ್ದು ಬರಲಿಲ್ಲ.

"ಯಾಕ ಅತ್ತಿ, ಹರದು ನೋಡೂದಿಲ್ಲೇನು?"

"ಮಂದಿ ನೋವು ಬರಿಯೂ ಕಾಗದ. ಹರೀಬಾರದು."

ಹೌದೆಂದುಕೊಂಡೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಲಗ್ನಪತ್ರಿಕೆ ಕಣ್ಣಿಗೆ ಬಿತ್ತು. ಕುಂಕುಮ ಹಚ್ಚಿದ, ದಪ್ಪ ಕಾಗದದ, ಹೊಸ ಪತ್ರಿಕೆ. ನಾಲ್ಕೂ ಮೂಲೆಗಳು ಹಾಗೇ ಇದ್ದವು. ಅಡುಗೆಮನೆಯಲ್ಲಿ ಮಾಮಾ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಕೊಟ್ಟವರ ಎದುರಿಗೇ ಹರಿಯುವವಳು ಇದನ್ನೇಕೆ ಬಿಟ್ಟಳು?

ಹಾಳೆಯನ್ನು ಕೈಗೆ ತೆಗೆದುಕೊಂಡು ಅವಳ ಎದುರು ನೆಲದ ಮೇಲೆ ಕೂತೆ. "ಅತ್ತಿ, ನಿನ್ನ ನೋವಿಗೆ ಹತ್ತರೊಳಗ ಎಷ್ಟು?"

ಅವಳು ನನ್ನ ಮುಖ ನೋಡಲಿಲ್ಲ. "ಎರಡು," ಎಂದಳು.

"ಯಾವ ಕೆಲಸ ಬಿಟ್ಟೀದಿ?"

ತಾನೇ ಬರೆದ ಪ್ರಶ್ನೆಯಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋದಾಳು? ಸೆರಗಿನ ಅಡಿಯಿಂದ ಎರಡೂ ಕೈ ತೆಗೆದು ನನ್ನ ಮುಂದೆ ಚಾಚಿದಳು. ಬೆರಳ ಗಂಟುಗಳು ಬಾತು ಕೆಂಪಾಗಿದ್ದವು. "ರೊಟ್ಟಿ ಬಿಟ್ಟೆ. ಹೆರಳು ಹಾಕ್ಕೊಳ್ಳೂದು ಬಿಟ್ಟೆ, ನಿಮ್ಮ ಮಾಮಾನ ಹಾಕ್ತಾನ. ಕಾಗದ..." ಎಂದು ಮೇಜಿನ ಮೇಲಿನ ಪತ್ರಿಕೆಯ ಕಡೆ ನೋಡಿದಳು.

ಅಡುಗೆಮನೆಯ ಬಾಗಿಲಲ್ಲಿ ಮಾಮಾ ಹಿಟ್ಟಿನ ಕೈಯಲ್ಲೇ ನಿಂತಿದ್ದ. "ನಾನೂ ಎಷ್ಟ ಸಲ ಹೇಳ್ಲಿಪಾ, ದವಾಖಾನಿಗೆ ನಡಿ ಅಂದ್ರ ಸಾಕು ಸಾಕು ಅಂತಾಳ," ಎಂದ. ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆ ಏನು, ಅತ್ತುಬಿಟ್ಟೆ.

"ನಾಳಿಗೆ ಡಾಕ್ಟರ ಹತ್ರ ಹೋಗೂಣು," ಎಂದೆ. "ನಾ ಒತ್ತಾಯ ಮಾಡಾಕ ಹತ್ತೀನಿ ನೋಡು."

ಅವಳು ಹೂಂ ಎಂದು ತಲೆಯಾಡಿಸಿದಳು. ನಾನು ಹಾಳೆಯ ಮೂಲೆಯನ್ನು ಅವಳ ಕಿವಿಯ ಹತ್ತಿರ ಒಯ್ದು ಹರಿದೆ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಅತ್ತೆ ಕಣ್ಣು ಮುಚ್ಚಿ ಕೇಳಿದಳು.

"ನಾರು ಉದ್ದ ಐತಿ," ಎಂದಳು. "ಬಾಳಿಕಿ ಬರ್ತೈತಿ. ಇದರ ಮ್ಯಾಲ ಮದ್ಲ ನಂದ ಬರಿ."