ಮೂರು ಗುಂಪಿಗೆ ಒಬ್ಬರೇ ಮೇಷ್ಟ್ರು

ಒಂದೇ ಮಾತನ್ನು ಮೂರು ಸಲ ಹೇಳಿದರೆ ನನ್ನ ಕಿವಿಗೆ ಒಂದು ಸಲವೂ ಬೀಳುವುದಿಲ್ಲ. ಇದು ನನ್ನ ಹೆಂಡತಿಯ ಹಳೆಯ ದೂರು. "ಮೊಸರು ತನ್ನಿ, ಮೊಸರು ತನ್ನಿ ಅಂತ ಬಾಯಿ ಬಡ್ಕೊಂಡ್ರೆ ಹೂಂ ಅಂತೀರಿ, ಕೈ ಬೀಸ್ಕೊಂಡು ಬರ್ತೀರಿ" ಎನ್ನುತ್ತಾಳೆ. ಈ ಗುಣ ಮನೆಯೊಳಗೇ ಇದ್ದಿದ್ದರೆ ಮೊಸರಿಗಷ್ಟೇ ತೊಂದರೆಯಾಗುತ್ತಿತ್ತು. ಆದರೆ ನಮ್ಮ ನಂಜನಗೂಡಿಗೆ ಇಂಟರ್‌ನೆಟ್ ಬಂತಲ್ಲ!

ತಿ. ನರಸೀಪುರದಲ್ಲಿ ಒಟ್ಟಿಗೆ ಹೈಸ್ಕೂಲು ಓದಿದ ನಾವು ಒಂದು ಇಮೇಲ್ ಗುಂಪು ಮಾಡಿಕೊಂಡೆವು. ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ಸಭೆಯ ತಿಂಡಿಗೆ ಬೋಂಡವೋ ವಡೆಯೋ ಎಂದು ಜಗಳ ಹತ್ತಿ, ಎ ಸೆಕ್ಷನ್ನಿನವರು ಬೇರೆ ಗುಂಪು ಕಟ್ಟಿದರು, ಬಿ ಸೆಕ್ಷನ್ನಿನವರು ಬೇರೆ, ಮೈಸೂರಿನಲ್ಲಿ ಮನೆ ಮಾಡಿದವರು ಇನ್ನೂ ಬೇರೆ. ಜಗಳದಲ್ಲಿ ಬಾಯಿ ಬಿಡದಿದ್ದ ತಪ್ಪಿಗೆ ಮೂರು ಕಡೆಯವರೂ ನನ್ನನ್ನು ಸೇರಿಸಿಕೊಂಡರು. ಒಂದೇ ಹಳಸಲು ಜೋಕು ಮೂರು ಸಲ, ಒಂದೇ ನಾಮಕರಣದ ಕರೆಯೋಲೆ ಮೂರು ಸಲ! ಶನಿವಾರ ಸಂಜೆ ಸೈಬರ್ ಸೆಂಟರಿನಲ್ಲಿ ಕೂತು ಇವನ್ನೆಲ್ಲ ಅಳಿಸುವುದೇ ನನಗೊಂದು ಉದ್ಯೋಗವಾಯಿತು. ಒಂದು ಕಡೆ ಹಾಕಿದರೆ ಸಾಲದೇನಯ್ಯಾ ಎಂದು ಬಿ ಗುಂಪಿನ ಯಜಮಾನ ಶಿವಣ್ಣನನ್ನು ಕೇಳಿದೆ. "ಅವ್ರು ಕರೆದ್ರೆ ನಾವು ಕರೆಸ್ಕೊಂಡಂಗಾಯ್ತದಾ? ನಮ್ ಬಾಗ್ಲಿಗೂ ಬಂದು ಕರೀಬೇಕು ಕಣ್ಲಾ" ಎಂದ. ನಮ್ಮ ಕಡೆ ಮದುವೆಗೆ ಕರೆಯುವುದು ಹಾಗೇ ತಾನೆ. ಅಣ್ಣತಮ್ಮಂದಿರು ಒಂದೇ ಹಟ್ಟಿಯಲ್ಲಿದ್ದರೂ ಒಲೆ ಬೇರೆಯಾಗಿದ್ದರೆ ಕರೆಯೂ ಬೇರೆ.

ಹೀಗಿರುವಾಗ ನಮ್ಮ ಲೆಕ್ಕದ ಮೇಷ್ಟ್ರು ಸಿಕ್ಕಿದರು. ನಿವೃತ್ತರಾಗಿ ಹೆಮ್ಮರಗಾಲದಲ್ಲಿದ್ದರು. "ಕಣ್ಣು ಮಂಜಾಗ್ತಾ ಅದೆ ಕಣೋ. ಪೂರಾ ಓಗೋಕ್ ಮುಂಚೆ ನಿಮ್ಮನ್ನೆಲ್ಲ ಒಂದೇ ಕಡೆ ನೋಡ್ಬೇಕು" ಎಂದರು. ಬರುವ ವಾರದ ಭಾನುವಾರ ಬೆಳಿಗ್ಗೆ ನರಸೀಪುರದ ಸಂಗಮದ ಹತ್ತಿರ ಸೇರೋಣ, ಮೇಷ್ಟ್ರಿಗೆ ರಸಬಾಳೆ ತನ್ನಿ ಎಂದು 'ಮೇಷ್ಟ್ರ ಭೇಟಿ' ತಲೆಬರಹದಲ್ಲಿ ಮೂರು ಗುಂಪಿಗೂ ಬರೆದೆ. ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಮೇಷ್ಟ್ರಿಗೂ ತಿಳಿಸಿದೆ. ಮುಂದಿನ ಶನಿವಾರ ನೋಡಿದರೆ ಅದೇ ತಲೆಬರಹದ ಓಲೆಗಳು ರಾಶಿ ಬಿದ್ದಿದ್ದವು. ನನ್ನ ಕರೆಯನ್ನೇ ನನಗೆ ವಾಪಸು ಕಳಿಸುತ್ತಿದ್ದಾರಲ್ಲ ಎಂದು ಉರಿದುಹೋಗಿ, ಒಂದನ್ನೂ ತೆರೆಯದೆ ಎಲ್ಲವನ್ನೂ ಗುಡಿಸಿ ಹಾಕಿದೆ.

ಭಾನುವಾರ ಸಂಗಮದಲ್ಲಿ ಬಾಳೆಗೊನೆಗಳ ಸಂತೆಯೇ ನೆರೆದಿತ್ತು. ಮೇಷ್ಟ್ರು ಮಾತ್ರ ಇರಲಿಲ್ಲ.

"ನೀವ್ ಕರ್ಕೊಂಡ್ ಬತ್ತೀರ ಅಂತ ನಾವ್ ಸುಮ್ನಿದ್ದೊ" ಎಂದಿತು ಎ ಸೆಕ್ಷನ್ನು, ಬಿ ಸೆಕ್ಷನ್ನಿನ ಕಡೆ ತಿರುಗಿ. "ಮೈಸೂರವ್ರತ್ರ ಕಾರು ಅದೆ ಅಂತ ನಾವ್ ಸುಮ್ನಾದೊ" ಎಂದ ಶಿವಣ್ಣ. ಮೇಷ್ಟ್ರನ್ನು ಕರೆತರುವವರು ಯಾರೆಂದು ಎಲ್ಲ ಗುಂಪಿನಲ್ಲೂ ಕೇಳಿದ್ದರಂತೆ. ನಾನು ಅಳಿಸಿದ್ದು ಅದನ್ನೇ. ಈಗ ಮಾನದ ಪ್ರಶ್ನೆ ಬಂತು. ಒಂದೊಂದು ಗುಂಪಿನಿಂದ ಒಂದೊಂದು ಕಾರು ಹೆಮ್ಮರಗಾಲಕ್ಕೆ ದೌಡಾಯಿಸಿತು. ಅವು ಹೋಗಿ ಸ್ವಲ್ಪ ಹೊತ್ತಿಗೆ, ಕಾದು ಕಾದು ಬೇಸತ್ತು ಬಸ್ಸು ಹತ್ತಿದ್ದ ಮೇಷ್ಟ್ರು ಆಟೋದಿಂದ ಇಳಿದರು! ಕಾರಿನಲ್ಲಿ ಹೋದವರಿಗೆ ಫೋನು ಮಾಡಿದರೆ ಒಬ್ಬನೂ ಸಿಗಲೊಲ್ಲ. ನನಗೆ ಅಳುವುದೊಂದು ಬಾಕಿ.

ಕಾರುಗಳು ತಿರುಗಿ ಬಂದಾಗ ಮಧ್ಯಾಹ್ನ ಬಾಗಿತ್ತು. ಬಂದವರು ಮೂರು ಮರದ ಕೆಳಗೆ ಮೂರು ಗುಂಪಾಗಿಯೇ ಕೂತರು. ಮೇಷ್ಟ್ರು ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಯಾರಾರು ಅಂತ್ಲೇ ಕಾಣಲ್ವಲ್ರಲಾ. ಅತ್ರ ಬನ್ನಿ" ಎಂದರು. ಎಲ್ಲರೂ ಎದ್ದು ಬಂದರು. ಬೋಂಡದ ಕಡೆಯವರು, ವಡೆಯ ಕಡೆಯವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಅವರ ಸುತ್ತ ಕೂತರು. ಮೇಷ್ಟ್ರು ಒಬ್ಬೊಬ್ಬರ ಮುಖವನ್ನೂ ಹತ್ತಿರಕ್ಕೆ ಎಳೆದುಕೊಂಡು ನೋಡಿದರು.

ಕೊನೆಗೆ ನನ್ನ ಸರದಿ. ಇವರಿಗೆಲ್ಲ ಎಷ್ಟು ಸಲ ಬರೆದೆ ಗೊತ್ತೇ ಸಾರ್, ಒಬ್ಬರಿಗೂ ಜವಾಬ್ದಾರಿಯಿಲ್ಲ ಎಂದು ಎಲ್ಲರ ಮೇಲೂ ದೂರು ಒಪ್ಪಿಸಿದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು ನನ್ನ ಕಿವಿ ಹಿಡಿದರು.

"ಅದ್ಸರಿ ಕಣ್ಲಾ. ನಾನಿರಾದು ಎಮ್ಮರಗಾಲ, ನೀನಿರಾದು ಅಲ್ಲೇ ಪಕ್ಕದ್ ನಂಜನಗೂಡು. ನೀನೇ ಯಾಕ್ಲಾ ಬಂದು ಕರ್ಕೊಂಡ್ ಓಗ್ಲಿಲ್ಲ?"

ನಾನು ಹೂಂ ಎಂದೆ.