ಅಮ್ಮ ಎಂದರೆ ಯಾರು?

ಅಮ್ಮ ಹೋದ ಸುದ್ದಿ ಬಂದಾಗ ಅನೂಪ ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ಹಲ್ಲುಜ್ಜುತ್ತಿದ್ದ. ಹೊನ್ನಾವರದಿಂದ ಅಪ್ಪ ಶ್ರೀರಾಮ ಹೆಗಡೆಯವರು ಫೋನಿನಲ್ಲಿ, "ಮಾಣಿ, ಅಮ್ಮ ಹೋತು. ಬೇಗ ಬಾ," ಎಂದಷ್ಟೇ ಹೇಳಿದರು. ಬಾಯಲ್ಲಿದ್ದ ನೊರೆ ಉಗುಳುವುದೋ ಅಳುವುದೋ ತಿಳಿಯದೆ ಅನೂಪ ಎರಡನ್ನೂ ಮಾಡಿದ.

ಬಸ್ಸು ಹತ್ತಿದ ಮೇಲೆ ಇನ್ನೊಂದು ಚಿಂತೆ ಎದ್ದು ಕುಳಿತಿತು: ಹಾಜರಿ. ಇನ್ನು ಹತ್ತು ದಿನ ತಪ್ಪಿದರೆ ಈ ಸಲದ ಪರೀಕ್ಷೆಗೆ ಕೂರಿಸುವುದಿಲ್ಲ. ಆರು ತಿಂಗಳು ಮಣ್ಣುಪಾಲು. ರಜೆ ಕೊಡಿಸಿರೆಂದು ವೈದ್ಯಕೀಯ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘಕ್ಕೆ ಮೊಬೈಲಿನಲ್ಲೇ ಅರ್ಜಿ ಬರೆಯತೊಡಗಿದ. ತೀರಿಕೊಂಡವರು ಯಾರು ಎಂಬಲ್ಲಿ ಅವನ ಬೆರಳು ತುಸು ಹೊತ್ತು ತಡೆಯಿತು. ಆಮೇಲೆ 'ಅಮ್ಮ' ಎಂದು ಒತ್ತಿಬಿಟ್ಟ.

ನಾಲ್ಕನೆಯ ದಿನ ಮನೆಯೆದುರು ಕಾರೊಂದು ನಿಂತಿತು. ಸಂಘದ ಹೊಸ ರಾಜ್ಯ ಕಾರ್ಯದರ್ಶಿ ಅರ್ಚನಾ ದೊಡ್ಡ ಹೂಮಾಲೆ ಹಿಡಿದು ಇಳಿದಳು. ಕಿಟಕಿಯಿಂದ ಕಂಡ ಅನೂಪ, ಹೆಜ್ಜೆಯ ಸಪ್ಪಳ ಕೇಳಿದ ಏಡಿಯ ಹಾಗೆ ಒಳಕೋಣೆಗೆ ಸರಿದ.

ಸಂಘದಿಂದ ಬಂದೆ ಎಂದವಳನ್ನು ಗೇಟಿನಲ್ಲಿ ಪಕ್ಕದ ಮನೆಯ ಗಣಪಿ ತಡೆದಳು. "ಎಂತ ಸಂಘ ತಂಗಿ? ಹಾಲಿಂದಾ?"

"ಅಲ್ಲಮ್ಮ, ಡಾಕ್ಟರ್ ಓದೋರದ್ದು."

"ಡಾಕ್ಟರಾಗೋರಿಗೂ ಸಂಘ ಬೇಕಾ? ಅವ್ರಿಗೆಂತ ಕಷ್ಟ?"

"ಹಾಸ್ಟೆಲ್ ಊಟ, ನಿದ್ದೆಯಿಲ್ಲದ ಡ್ಯೂಟಿ, ಸೀನಿಯರ್‌ಗಳ ಕಾಟ... ಯಾರಾದ್ರೂ ಮನಸ್ಸು ಕುಗ್ಗಿ ಕೂತ್ರೆ ಮಾತಾಡಿಸ್ತೀವಿ. ದೆಹಲಿಗೆ ಹೋಗಿ ಎಲ್ಲರ ಪರವಾಗಿ ಕೇಳ್ತೀವಿ."

"ಹಾಂಗಾರೆ ನಮ್ಮ ಕಾಸರಕೋಡ ಮೀನುಗಾರರ ಸಂಘದ ಹಾಂಗೇ ಆತು," ಎಂದು ಗಣಪಿ ತೀರ್ಪು ಕೊಟ್ಟಳು. "ದೋಣಿ ಒಂದಿಲ್ಲ, ಅಷ್ಟೆ." ಮುಂದೇನಾಗುತ್ತದೋ ನೋಡೋಣವೆಂದು ತಾನೂ ಹಿಂದೆ ಬಂದಳು.

ಬಾಗಿಲು ತೆರೆದವರು ಮೂಕಾಂಬಿಕಾ.

"ನೀವು ಅನೂಪ್ ಚಿಕ್ಕಮ್ಮನಾ?" ಎಂದು ಅರ್ಚನಾ ಮೆಲ್ಲಗೆ ಕೇಳಿದಳು.

"ಅಲ್ಲ, ತಾಯಿ."

ಮಾಲೆ ಕೈಜಾರಿ ಮೂಕಾಂಬಿಕಾ ಅವರ ಕಾಲಮೇಲೆ ಬಿತ್ತು. ಅರ್ಚನಾ ಚೀಲದಿಂದ ಕಾಗದ ತೆಗೆದು ತೋರಿಸಿದಳು. ತಮ್ಮದೇ ಸಂತಾಪಪತ್ರವನ್ನು ಮೂಕಾಂಬಿಕಾ ಮೊದಲಿನಿಂದ ಕೊನೆಯವರೆಗೆ ಓದಿದರು.

"ಮಾಣಿ!" ಎಂದು ಕೂಗಿದರು. "ಆನು ಬದ್ಕೇ ಇದ್ದಿ, ಸಂಘದವ್ಕೆ ಹೇಳು ಬಾ!"

ಅನೂಪ ತಲೆ ತಗ್ಗಿಸಿ ಬಂದ. ಅಷ್ಟರಲ್ಲಿ ಗಣಪಿಯೇ ಗಂಟು ಬಿಡಿಸಿದಳು. "ತಂಗಿ, ಈ ಹೆಗಡೇರ ಮನೇಲಿ ತಾಯಿಗೆ ಆಯಿ ಅಂತ್ರು, ಅಜ್ಜಿಗೆ ಅಮ್ಮ ಅಂತ್ರು. ಹೋದದ್ದು ಅಜ್ಜಿ, ಸುಮತಮ್ಮ."

ಅರ್ಚನಾಳಿಗೆ ಹೋದ ಜೀವ ಬಂದಂತಾಯಿತು. "ಇಷ್ಟೇನಾ! ಅನೂಪ್, ಇದಕ್ಯಾಕೆ ಹೆದರಿದೆ? ಅಜ್ಜಿ ಹೋದ್ರೂ ಹತ್ತು ದಿನ ರಜೆ ಉಂಟಲ್ಲ! ನಮ್ಮ ಸಂಘವೇ ಹೋರಾಡಿ ತಂದ ನಿಯಮ ಅದು. ಅರ್ಜಿ ತಿದ್ದಿದ್ರಾಯ್ತು."

ಅನೂಪನ ಮುಖ ಮಾತ್ರ ಅರಳಲಿಲ್ಲ.

ಅರ್ಚನಾ ಮಾಲೆಯನ್ನೆತ್ತಿ ದೀಪದ ಮುಂದಿನ ಫೋಟೋಕ್ಕೆ ಹಾಕಲು ಹೋದವಳು ಹಾಗೆಯೇ ನಿಂತಳು. ಬಗ್ಗಿ ನೋಡಿದಳು. ಚೀಲದಿಂದ ಸಂಘದ ವಾರ್ಷಿಕ ವರದಿ ತೆಗೆದು ಪುಟ ಮಗುಚಿದಳು. ಅಲ್ಲಿಯೂ ಅದೇ ಮುಖ, ಅದೇ ಕೆಂಪು ಅಂಚಿನ ಸೀರೆ. ಕೆಳಗೆ ಅಚ್ಚಾಗಿತ್ತು: 'ಹೋದ ವರ್ಷ ಅಜ್ಜಿಯನ್ನು ಕಳೆದುಕೊಂಡೂ ರಜೆ ಸಿಗದೆ ಹಾಜರಿ ಕಳೆದುಕೊಂಡ ವಿದ್ಯಾರ್ಥಿ ಅನೂಪ. ಈತನ ಕಣ್ಣೀರೇ ಹೊಸ ನಿಯಮಕ್ಕೆ ಕಾರಣ.'

"ಅಯ್ಯೋ!" ಮೂಕಾಂಬಿಕಾ ಗಲ್ಲಕ್ಕೆ ಕೈ ಹಚ್ಚಿದರು. "ಹೋದ ವರ್ಷ ಇವ ಗೆಳೆಯರ ಸಂಗ್ತಿಗೆ ಮನಾಲಿಗೆ ಹೋಪ ಮೊದ್ಲು ಅಮ್ಮಂಗೆ ಹೊಸ ಸೀರೆ ಉಡ್ಸಿ ಫೋಟೋ ತೆಗೆದಿದ್ದ. ಮೊಮ್ಮಗಂಗೆ ಎಷ್ಟು ಪ್ರೀತಿ ಹೇಳಿ ಅಮ್ಮ ಕೇರಿಗೆಲ್ಲ ಹೇಳ್ಕಂಡು ಬಂದಿತ್ತು!"

ಅರ್ಚನಾ ವರದಿಯನ್ನು ಮಡಿಚಿದಳು. "ನಿನ್ನ ಪರ ಮಾತಾಡೋದು ನಮ್ಮ ಕೆಲಸ ಅನೂಪ್. ಆದ್ರೆ ಒಬ್ಬಳೇ ಅಜ್ಜಿಯನ್ನ ಎರಡು ಸಲ ಸಾಯಿಸೋದು ನಮ್ಮಿಂದ ಆಗಲ್ಲ. ಮುಂದಿನ ಪರೀಕ್ಷೆಗೆ ಓದ್ಕೋ."

ಅನೂಪ ಫೋಟೋದ ಮುಂದೆ ಕುಸಿದು ಕುಳಿತು ಅತ್ತ. ಈ ಸಲ ಕಣ್ಣೀರು ನಿಜವಾಗಿತ್ತು. ಅದರಲ್ಲಿ ಪರೀಕ್ಷೆಯ ಪಾಲೆಷ್ಟು, ಅಮ್ಮನ ಪಾಲೆಷ್ಟು ಎಂದು ಅವನಿಗೂ ತಿಳಿಯಲಿಲ್ಲ.

ಇಷ್ಟು ಹೊತ್ತೂ ಮೂಲೆಯಲ್ಲಿ ಕುಳಿತಿದ್ದ ಶ್ರೀರಾಮ ಹೆಗಡೆಯವರು ಎದ್ದು ದೀಪಕ್ಕೆ ಎಣ್ಣೆ ಎರೆದರು. ಮಗನ ತಲೆಯ ಮೇಲೆ ಒಂದು ಕೈ ಇಟ್ಟು, ಕಣ್ಣು ಮುಚ್ಚಿದರು.

"ದೇವರೇ, ನನ್ನ ಆಯಿಗೆ ಶಾಂತಿ ಕೊಡು. ಹೋದ ವರ್ಷ ಸಂಘದವರೆಲ್ಲ ಬೇಡಿಕೊಂಡ ಶಾಂತಿ ನಿನ್ನ ಹತ್ತಿರವೇ ಉಳಿದಿದ್ದರೆ, ಅದನ್ನೂ ಸೇರಿಸಿ ಕೊಡು."